ಎರಡು ನುಡಿಗಳ ನಾಡಿನ ಕಿರುತೆರೆ



ಕೆನಡಾ ಎರಡು ಆಡಳಿತ ಭಾಷೆಗಳ ದೇಶ. 1969ರ ಅಧಿಕೃತ ಭಾಷೆಗಳ ಕಾಯ್ದೆ ಇಂಗ್ಲಿಷಿಗೂ ಫ್ರೆಂಚಿಗೂ ಸಮಾನ ಸ್ಥಾನ ಕೊಟ್ಟಿತು. ಕೇಂದ್ರ ಸರ್ಕಾರದ ಕಚೇರಿ, ನ್ಯಾಯಾಲಯ, ಸಂಸತ್ತು ಎಲ್ಲವೂ ಎರಡು ಭಾಷೆಗಳಲ್ಲಿ ನಡೆಯುತ್ತವೆ. ಹಾಗಾದರೆ ಅಲ್ಲಿನ ಜನರೆಲ್ಲ ಎರಡು ಭಾಷೆ ಬಲ್ಲವರು ಎಂದು ನಾವು ಅಂದುಕೊಳ್ಳುತ್ತೇವೆ. ಸಂಗತಿ ಹಾಗಿಲ್ಲ. 2021ರ ಜನಗಣತಿಯ ಪ್ರಕಾರ ನೂರರಲ್ಲಿ 18 ಜನ ಮಾತ್ರ ಎರಡರಲ್ಲೂ ಮಾತಾಡಬಲ್ಲರು. ಉಳಿದ 82 ಜನರಿಗೆ ಇನ್ನೊಂದು ಭಾಷೆಯ ಸಂತೋಷವೂ ಸಿಟ್ಟೂ ನೇರವಾಗಿ ತಿಳಿಯುವುದಿಲ್ಲ. ಸರ್ಕಾರ ದ್ವಿಭಾಷಿ, ಪ್ರಜೆಗಳಲ್ಲಿ ಹೆಚ್ಚಿನವರು ಅಲ್ಲ. ಇಂಥ ದೇಶದಲ್ಲಿ ಟೆಲಿವಿಷನ್ ಹೇಗಿರಬೇಕು? ಯಾರ ಭಾಷೆಯಲ್ಲಿ, ಯಾರ ಹಣದಲ್ಲಿ? ಎಪ್ಪತ್ತು ವರ್ಷಗಳಿಂದ ಕೆನಡಾ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದಿದೆ. ಆ ಹುಡುಕಾಟದ ಕಥೆಯನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಕಥೆ ಶುರುವಾಗುವುದು ರೇಡಿಯೊದಿಂದ. 1920ರ ದಶಕದಲ್ಲಿ ಕೆನಡಾದ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದುದು ಅಮೆರಿಕದ ಕೇಂದ್ರಗಳೇ. ಕೆನಡಾದ ಬಹುಪಾಲು ಜನ ಅಮೆರಿಕದ ಗಡಿಗೆ ಹತ್ತಿರದಲ್ಲೇ ವಾಸಿಸುತ್ತಾರೆ. ರೇಡಿಯೊ ಅಲೆಗೆ ಗಡಿ ಇಲ್ಲ. ಪ್ರಸಾರವನ್ನು ನಮ್ಮ ದೇಶ ತಾನೇ ವಹಿಸಿಕೊಳ್ಳದೆ ಹೋದರೆ ಅಮೆರಿಕ ಅದನ್ನು ವಹಿಸಿಕೊಂಡುಬಿಡುತ್ತದೆ ಎಂದು ಗ್ರಹಾಂ ಸ್ಪ್ರೈ ಎಂಬ ತರುಣ ಊರೂರು ಸುತ್ತಿ ವಾದಿಸಿದರು. ಆ ಒತ್ತಾಯದ ಫಲವಾಗಿ ಸಾರ್ವಜನಿಕ ಪ್ರಸಾರ ಹುಟ್ಟಿತು. 1936ರಲ್ಲಿ ಕೆನಡಿಯನ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್, ಅಂದರೆ ಸಿಬಿಸಿ ಸ್ಥಾಪನೆಯಾಯಿತು. ಫ್ರೆಂಚ್ ಭಾಷಿಕರಿಗೆ ಅದು ರೇಡಿಯೊ-ಕೆನಡಾ. ಸಂಸ್ಥೆ ಒಂದೇ, ಹೆಸರು ಎರಡು, ಕೇಳುಗರ ಲೋಕಗಳೂ ಎರಡು.

ಟೆಲಿವಿಷನ್ ಬಂದದ್ದು 1952ರ ಸೆಪ್ಟೆಂಬರಿನಲ್ಲಿ. ಆರನೇ ತಾರೀಕು ಮಾಂಟ್ರಿಯಲ್‌ನಲ್ಲಿ, ಎಂಟನೇ ತಾರೀಕು ಟೊರಾಂಟೊದಲ್ಲಿ. ಅಷ್ಟು ಹೊತ್ತಿಗೆ ಟೊರಾಂಟೊದ ಎಷ್ಟೋ ಮನೆಗಳಲ್ಲಿ ಟಿವಿ ಪೆಟ್ಟಿಗೆ ಇತ್ತು. ಗಡಿಯಾಚೆಯ ಬಫಲೊ ನಗರದಿಂದ ಅಮೆರಿಕದ ಕಾರ್ಯಕ್ರಮಗಳು ಬರುತ್ತಿದ್ದವು. ಮಾಂಟ್ರಿಯಲ್‌ನ ಕೇಂದ್ರ ಮೊದಲಿಗೆ ಎರಡು ಭಾಷೆಗಳನ್ನೂ ಒಂದೇ ತೆರೆಯ ಮೇಲೆ ತಂದಿತು. ಸ್ವಲ್ಪ ಹೊತ್ತು ಫ್ರೆಂಚ್, ಸ್ವಲ್ಪ ಹೊತ್ತು ಇಂಗ್ಲಿಷ್. ಹೊಸ ಯಂತ್ರದ ಬೆರಗಿನಲ್ಲಿ ಇಡೀ ಊರು ಒಂದೇ ತೆರೆಯನ್ನು ನೋಡಿತು. ಆ ಏರ್ಪಾಡು ಒಂದೂವರೆ ವರ್ಷವೂ ಬಾಳಲಿಲ್ಲ. 1954ರ ಜನವರಿಯಲ್ಲಿ ಇಂಗ್ಲಿಷಿಗೆ ಬೇರೆ ಕೇಂದ್ರ ತೆರೆದು, ಹಳೆಯದನ್ನು ಪೂರ್ತಿಯಾಗಿ ಫ್ರೆಂಚಿಗೆ ಬಿಟ್ಟುಕೊಟ್ಟರು. ಹೊತ್ತನ್ನು ಹಂಚಿಕೊಂಡರೆ ಎರಡು ಕಡೆಯವರಿಗೂ ಅರೆಹೊಟ್ಟೆ ಎಂಬುದು ಬೇಗನೆ ಗೊತ್ತಾಗಿತ್ತು.

ಎರಡು ಲೋಕಗಳನ್ನು ಹೊಲಿಯುವ ಪ್ರಯತ್ನವೂ ಅದೇ ಕಾಲದಲ್ಲಿ ನಡೆಯಿತು. ರೊಜೆ ಲೆಮ್ಲಾಂ ಬರೆದ ‘ಪ್ಲೂಫ್ ಕುಟುಂಬ’ ಎಂಬ ಧಾರಾವಾಹಿ 1953ರಲ್ಲಿ ಫ್ರೆಂಚಿನಲ್ಲಿ ಶುರುವಾಯಿತು. ಕ್ವಿಬೆಕ್ ನಗರದ ದುಡಿಯುವ ವರ್ಗದ ಒಂದು ಮನೆ, ಅಲ್ಲಿನ ಅಪ್ಪ ಅಮ್ಮ, ಬೆಳೆದ ಮಕ್ಕಳು. ಅದು ಎಷ್ಟು ಮನಗೆದ್ದಿತೆಂದರೆ ಮರುವರ್ಷ ಇಂಗ್ಲಿಷಿನಲ್ಲೂ ಬಂತು. ಅದನ್ನು ಡಬ್ ಮಾಡಲಿಲ್ಲ. ಅದೇ ನಟರು ವಾರದಲ್ಲಿ ಒಂದು ದಿನ ಫ್ರೆಂಚಿನಲ್ಲಿ, ಇನ್ನೊಂದು ದಿನ ಇಂಗ್ಲಿಷಿನಲ್ಲಿ, ಎರಡು ಸಲವೂ ನೇರಪ್ರಸಾರದಲ್ಲಿ ಅಭಿನಯಿಸಿದರು. ಈ ಶ್ರಮವನ್ನು ನೆನೆದಾಗ ನನಗೆ ಗೌರವ ಉಕ್ಕುತ್ತದೆ. ಒಂದು ದೇಶ ತನ್ನ ಇನ್ನರ್ಧದ ಕಥೆಯನ್ನು ಕೇಳಿಸಿಕೊಳ್ಳಲಿ ಎಂದು ಕಲಾವಿದರು ಐದು ವರ್ಷ ಆ ಹೊರೆ ಹೊತ್ತರು.

ಆದರೆ ಕೇಳಿಸಿಕೊಳ್ಳುವುದು ಯಾವಾಗಲೂ ನಡೆಯಲಿಲ್ಲ. 1958ರ ಡಿಸೆಂಬರ್ ಕೊನೆಯಲ್ಲಿ ರೇಡಿಯೊ-ಕೆನಡಾದ ನಿರ್ಮಾಪಕರು ತಮ್ಮ ಸಂಘಕ್ಕೆ ಮಾನ್ಯತೆ ಬೇಕೆಂದು ಮುಷ್ಕರ ಹೂಡಿದರು. ಎರಡು ತಿಂಗಳಿಗೂ ಮಿಕ್ಕಿ ಫ್ರೆಂಚ್ ಟೆಲಿವಿಷನ್ ಹೆಚ್ಚುಕಡಿಮೆ ನಿಂತೇಹೋಯಿತು. ಇಂಗ್ಲಿಷ್ ಕೇಂದ್ರಗಳು ಎಂದಿನಂತೆ ನಡೆದವು, ರಾಜಧಾನಿ ಒಟ್ಟಾವದಲ್ಲಿ ಅವಸರ ಕಾಣಲಿಲ್ಲ. ಮುಷ್ಕರದ ಮುಂಚೂಣಿಯಲ್ಲಿ ನಿಂತವರಲ್ಲಿ ಜನಪ್ರಿಯ ಪತ್ರಕರ್ತ ರೆನೆ ಲೆವೆಕ್ ಒಬ್ಬರು. ಇಂಗ್ಲಿಷ್ ಜಾಲ ನಿಂತಿದ್ದರೆ ಸರ್ಕಾರ ಇಷ್ಟು ದಿನ ಸುಮ್ಮನಿರುತ್ತಿತ್ತೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮುಂದೆ ಫ್ರೆಂಚ್ ಆಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ ಸ್ವತಂತ್ರವಾಗಬೇಕು ಎನ್ನುವ ಪಕ್ಷವನ್ನು ಕಟ್ಟಿದವರು, 1976ರಲ್ಲಿ ಆ ಪ್ರಾಂತದ ಮುಖ್ಯಮಂತ್ರಿಯಾದವರು ಇದೇ ಲೆವೆಕ್. ಒಂದು ಭಾಷೆಯ ತೆರೆ ಕಪ್ಪಾದಾಗ ಇನ್ನೊಂದು ಭಾಷೆಯವರಿಗೆ ಅದು ಗೊತ್ತೇ ಆಗದಿದ್ದರೆ ಅದರ ಬೆಲೆ ಎಷ್ಟೆಂದು ಆ ದೇಶ ನಿಧಾನವಾಗಿ ಕಲಿಯಿತು.

1961ರಲ್ಲಿ ಖಾಸಗಿಯವರು ಬಂದರು. ಫೆಬ್ರವರಿಯಲ್ಲಿ ಮಾಂಟ್ರಿಯಲ್‌ನ ಟೆಲೆ-ಮೆಟ್ರೊಪೋಲ್. ಅದರ ಸುತ್ತ ಹತ್ತು ವರ್ಷಗಳ ಬಳಿಕ ಟಿವಿಎ ಜಾಲ ಬೆಳೆಯಿತು. ಅಕ್ಟೋಬರಿನಲ್ಲಿ ಇಂಗ್ಲಿಷಿನ ಸಿಟಿವಿ. 1974ರಲ್ಲಿ ಗ್ಲೋಬಲ್. ಪ್ರಾಂತಗಳು ತಮ್ಮದೇ ಶೈಕ್ಷಣಿಕ ಜಾಲಗಳನ್ನು ಕಟ್ಟಿಕೊಂಡವು: ಕ್ವಿಬೆಕ್‌ಗೆ ಇವತ್ತಿನ ಟೆಲೆ-ಕ್ವಿಬೆಕ್, ಒಂಟೇರಿಯೊಗೆ ಟಿವಿಒ. ಒಂಟೇರಿಯೊದಲ್ಲಿ ಹೆಚ್ಚಿನವರು ಇಂಗ್ಲಿಷ್ ಆಡುವವರು. ಆದರೂ ಅಲ್ಲಿನ ಫ್ರೆಂಚ್ ಮಕ್ಕಳಿಗಾಗಿ, ಫ್ರೆಂಚ್ ಶಾಲೆಗಳಿಗಾಗಿ 1987ರಲ್ಲಿ ಬೇರೆಯೇ ವಾಹಿನಿ ತೆರೆದರು. ಅದೇ ಟಿಎಫ್‌ಒ. ಎಲ್ಲವನ್ನೂ ನೋಡಿಕೊಳ್ಳಲು 1968ರಿಂದ ಸಿಆರ್‌ಟಿಸಿ ಎಂಬ ನಿಯಂತ್ರಣ ಆಯೋಗ ಇದೆ. ವಾಹಿನಿ ನಡೆಸಬೇಕಾದರೆ ಅದರ ಪರವಾನಗಿ ಬೇಕು. ಪರವಾನಗಿ ಬೇಕಾದರೆ ಕೆನಡಾದಲ್ಲೇ ತಯಾರಾದ ಕಾರ್ಯಕ್ರಮ ಇಂತಿಷ್ಟು ಪಾಲು ಇರಲೇಬೇಕು.

1980ರ ದಶಕದಲ್ಲಿ ವಿಶೇಷ ವಾಹಿನಿಗಳ ಕಾಲ ಶುರುವಾಯಿತು. ಸುದ್ದಿ, ಸಿನಿಮಾ, ಆಟ, ಅಡುಗೆ ಎಲ್ಲವನ್ನೂ ಬೆರೆಸಿ ಕೊಡುವ ಹಳೆಯ ವಾಹಿನಿಯ ಪಕ್ಕದಲ್ಲಿ, ಒಂದೇ ವಿಷಯವನ್ನು ದಿನವಿಡೀ ಕೊಡುವ ವಾಹಿನಿಗಳು ಕೇಬಲ್ಲಿನಲ್ಲಿ ಬಂದವು. 1984ರಲ್ಲಿ ಸಂಗೀತಕ್ಕೆ ಮಚ್‌ಮ್ಯೂಸಿಕ್, ಕ್ರೀಡೆಗೆ ಟಿಎಸ್‌ಎನ್. 1988ರಲ್ಲಿ ಮಕ್ಕಳಿಗೆ ವೈಟಿವಿ, ಹವಾಮಾನಕ್ಕೆ ವೆದರ್ ನೆಟ್‌ವರ್ಕ್, ಹಲವು ಧರ್ಮಗಳಿಗೆ ಸೇರಿ ವಿಷನ್ ಟಿವಿ. ಫ್ರೆಂಚಿನಲ್ಲೂ ಅದೇ ಸಾಲು: ಸಂಗೀತಕ್ಕೆ 1986ರಲ್ಲಿ ಮ್ಯೂಸಿಕ್‌ಪ್ಲುಸ್, ಕ್ರೀಡೆಗೆ 1989ರಲ್ಲಿ ಆರ್‌ಡಿಎಸ್, ಹವಾಮಾನಕ್ಕೆ ಮೆಟೆಯೊಮೀಡಿಯಾ. ಇಂಗ್ಲಿಷಿನ ಇಪ್ಪತ್ತನಾಲ್ಕು ಗಂಟೆಯ ಸುದ್ದಿವಾಹಿನಿ ನ್ಯೂಸ್‌ವರ್ಲ್ಡ್ ಶುರುವಾದದ್ದು 1989ರ ಜುಲೈಯಲ್ಲಿ. ಅದರ ಫ್ರೆಂಚ್ ಜೊತೆಗಾರ ಆರ್‌ಡಿಐ ಬರಲು 1995ರ ಜನವರಿ ತನಕ ಕಾಯಬೇಕಾಯಿತು. ಅದೇ ವರ್ಷ ಅಕ್ಟೋಬರ್ 30ರಂದು ಕ್ವಿಬೆಕ್ ಕೆನಡಾದಲ್ಲೇ ಉಳಿಯಬೇಕೋ ಬೇರೆಯಾಗಬೇಕೋ ಎಂಬ ಜನಮತಗಣನೆ ನಡೆಯಿತು. ಉಳಿಯೋಣ ಎಂದವರು ನೂರಕ್ಕೆ 50.6, ಹೋಗೋಣ ಎಂದವರು 49.4. ದೇಶ ಕೂದಲೆಳೆಯಲ್ಲಿ ಉಳಿದ ಆ ರಾತ್ರಿಯನ್ನು ಎರಡು ಭಾಷೆಯವರೂ ತಮ್ಮ ತಮ್ಮ ಸುದ್ದಿವಾಹಿನಿಯಲ್ಲಿ ನೋಡಿದರು.

ಮುಖ್ಯ ಪ್ರಶ್ನೆ ಹಣದ್ದು. ಇಂಗ್ಲಿಷ್ ವಾಹಿನಿಗೆ ದೊಡ್ಡ ಮಾರುಕಟ್ಟೆ ಇದೆ. ಫ್ರೆಂಚನ್ನು ಮೊದಲ ಆಡಳಿತ ಭಾಷೆಯಾಗಿ ಆಡುವವರು ನೂರಕ್ಕೆ 21 ಜನ. ಅವರಲ್ಲಿ ಬಹುಪಾಲು ಕ್ವಿಬೆಕ್‌ನಲ್ಲೇ ಇದ್ದಾರೆ. ಹತ್ತಿಪ್ಪತ್ತು ವಿಶೇಷ ವಾಹಿನಿಗಳನ್ನು ಅಷ್ಟೇ ಜನ ಸಾಕಬೇಕು. ಬರೀ ಜಾಹೀರಾತಿನಿಂದ ಅದು ಆಗದು. ಅದಕ್ಕೇ ಕೇಬಲ್ ಹಾಕಿಸಿಕೊಂಡ ಪ್ರತಿ ಮನೆಯ ಚಂದಾದಲ್ಲಿ ಒಂದು ಪುಟ್ಟ ಪಾಲು ವಾಹಿನಿಗೆ ಹೋಗುವ ಏರ್ಪಾಡು ಮಾಡಿದರು. ಜೊತೆಗೆ ಕೇಬಲ್ ಮತ್ತು ಉಪಗ್ರಹ ಕಂಪನಿಗಳು ತಮ್ಮ ವರಮಾನದ ನೂರಕ್ಕೆ ಐದರಷ್ಟನ್ನು ದೇಶೀ ಕಾರ್ಯಕ್ರಮಗಳಿಗೆ ಕೊಡಬೇಕು. ಈ ಹಣ ಮತ್ತು ಸರ್ಕಾರದ ಹಣ ಸೇರುವ ಕೆನಡಾ ಮೀಡಿಯಾ ಫಂಡ್ ಸುಮಾರು ಮೂರನೇ ಒಂದು ಭಾಗವನ್ನು ಫ್ರೆಂಚ್ ಕಾರ್ಯಕ್ರಮಗಳಿಗೆ ಮೀಸಲಿಡುತ್ತದೆ. ಜನಸಂಖ್ಯೆಯಲ್ಲಿ ಐದನೇ ಒಂದು, ನಿಧಿಯಲ್ಲಿ ಮೂರನೇ ಒಂದು. ಧಾರಾವಾಹಿಯೊಂದನ್ನು ತೆಗೆಯುವ ಖರ್ಚು ನೋಡುವವರ ಎಣಿಕೆಗೆ ತಕ್ಕಂತೆ ಇಳಿಯುವುದಿಲ್ಲ. ಸಣ್ಣ ಭಾಷೆಗೆ ತಲೆಗೆ ಇಷ್ಟು ಎಂದು ಹಂಚಿದರೆ ಅದು ನ್ಯಾಯವಾಗುವುದಿಲ್ಲ. 1991ರ ಪ್ರಸಾರ ಕಾಯ್ದೆ ಇದನ್ನು ಬಾಯಿಬಿಟ್ಟೇ ಹೇಳಿತು: ಎರಡು ಭಾಷೆಗಳ ಪ್ರಸಾರ ಬೇರೆ ಬೇರೆ ಪರಿಸ್ಥಿತಿಯಲ್ಲಿ ನಡೆಯುತ್ತದೆ, ಅವುಗಳ ಅಗತ್ಯಗಳೂ ಬೇರೆ ಇರಬಹುದು.

ಫಲ ಏನಾಯಿತು ನೋಡಿ. 1990ರ ದಶಕದ ನಡುವಿನಲ್ಲಿ ‘ಲಾ ಪೆತಿತ್ ವೀ’ ಎಂಬ ಫ್ರೆಂಚ್ ಹಾಸ್ಯ ಧಾರಾವಾಹಿಯ ಒಂದು ಕಂತನ್ನು 40 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಆಗ ಕ್ವಿಬೆಕ್‌ನ ಇಡೀ ಜನಸಂಖ್ಯೆಯೇ 72 ಲಕ್ಷದ ಆಸುಪಾಸು. ಹಸುಗೂಸಿನಿಂದ ಹಣ್ಣುಮುದುಕರವರೆಗೆ ಲೆಕ್ಕ ಹಿಡಿದರೂ ಅರ್ಧಕ್ಕೆ ಹೆಚ್ಚು ಜನ! ಇಂದಿಗೂ ಡಿಸೆಂಬರ್ 31ರ ರಾತ್ರಿ ರೇಡಿಯೊ-ಕೆನಡಾದಲ್ಲಿ ಬರುವ ‘ಬೈ ಬೈ’ ಎಂಬ ವರ್ಷದ ವಿನೋದಾವಳಿಯ ಮುಂದೆ ಕ್ವಿಬೆಕ್ ಕುಟುಂಬ ಸಮೇತ ಕೂರುತ್ತದೆ. ಅಲ್ಲಿನವರಿಗೆ ತಮ್ಮದೇ ತಾರೆಯರಿದ್ದಾರೆ, ತಮ್ಮದೇ ಧಾರಾವಾಹಿಗಳ ಮಾತು ಮರುದಿನ ಕೆಲಸದ ಜಾಗದಲ್ಲಿ ನಡೆಯುತ್ತದೆ.

ಇಂಗ್ಲಿಷ್ ಕೆನಡಾದ ಪಾಡು ಬೇರೆ. ನೆರೆಯವರ ಭಾಷೆಯೂ ಅದೇ ಆದ್ದರಿಂದ ಅಮೆರಿಕದ ಧಾರಾವಾಹಿ ನೇರವಾಗಿ ಮನೆಯೊಳಗೆ ಬರುತ್ತದೆ. ಖಾಸಗಿ ವಾಹಿನಿಗಳಿಗೂ ತಾವೇ ತಯಾರಿಸುವುದಕ್ಕಿಂತ ಅಲ್ಲಿಂದ ಕೊಂಡು ತೋರಿಸುವುದು ಅಗ್ಗ. ಹಾಗಾಗಿ ದೊಡ್ಡ ಭಾಷೆ ಆಡುವವರೇ ತಮ್ಮ ಊರಿನ ಕಥೆಯನ್ನು ತೆರೆಯ ಮೇಲೆ ಕಾಣಲು ಹೆಣಗಬೇಕಾಯಿತು. ಸಸ್ಕಾಚೆವನ್ ಪ್ರಾಂತದ ಕಾಲ್ಪನಿಕ ಹಳ್ಳಿಯೊಂದರ ಪೆಟ್ರೋಲ್ ಬಂಕಿನ ಸುತ್ತ ಹೆಣೆದ ‘ಕಾರ್ನರ್ ಗ್ಯಾಸ್’ ಧಾರಾವಾಹಿ 2004ರಲ್ಲಿ ಬಂದಾಗ ಜನ ಅದನ್ನು ಮನೆಮಗನಂತೆ ಬರಮಾಡಿಕೊಂಡರು. ಸಿಬಿಸಿಯ ‘ಶಿಟ್ಸ್ ಕ್ರೀಕ್’ 2020ರಲ್ಲಿ ಅಮೆರಿಕದ ಒಂಬತ್ತು ಎಮ್ಮಿ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಪ್ರತಿಭೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅವಕಾಶಕ್ಕೆ.

ಎರಡು ಲೋಕಗಳ ನಡುವೆ ಕಿಟಕಿಗಳೂ ಇವೆ. 1959ರಿಂದ ಹಲವು ವರ್ಷ ‘ಶೆ ಎಲೆನ್’ ಎಂಬ ಕಾರ್ಯಕ್ರಮದಲ್ಲಿ ಗಾಯಕಿ ಎಲೆನ್ ಬಯಾರ್ಜಾನ್ ಇಂಗ್ಲಿಷ್ ಮಕ್ಕಳಿಗೆ ಹಾಡಿ ನಲಿದು ಫ್ರೆಂಚ್ ಕಲಿಸಿದರು. ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನಲ್ಲಿದ್ದ ಸ್ಪ್ಯಾನಿಷ್ ಪಾಠಗಳನ್ನು ತೆಗೆದು ಸಿಬಿಸಿ ಅಲ್ಲಿ ಫ್ರೆಂಚ್ ಪಾಠಗಳನ್ನು ಸೇರಿಸಿತು. ಸಂಸತ್ತಿನ ಕಲಾಪ ತೋರಿಸುವ ಸಿಪ್ಯಾಕ್ ವಾಹಿನಿಯನ್ನು ಇಂಗ್ಲಿಷಿನಲ್ಲಿ ಕೇಳಬಹುದು, ಫ್ರೆಂಚಿನಲ್ಲಿ ಕೇಳಬಹುದು, ಇಲ್ಲವೆ ಅನುವಾದವಿಲ್ಲದೆ ಸದನದಲ್ಲಿ ಆಡಿದಂತೆಯೇ ಕೇಳಬಹುದು. ಕ್ವಿಬೆಕ್‌ನ ಹೊರಗೆ ಚದುರಿಹೋದ ಫ್ರೆಂಚ್ ಜನರ ಬದುಕನ್ನು ತೋರಿಸಲೆಂದೇ 2014ರಲ್ಲಿ ಯುನಿಸ್ ಎಂಬ ವಾಹಿನಿ ಬಂತು.

ಇಲ್ಲಿಯವರೆಗೆ ಹೇಳಿದ್ದು ಎರಡು ಭಾಷೆಗಳ ಕಥೆ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಆ ಎರಡರ ಹೊರಗೆ ಉಳಿದವರ ಕಥೆಯಲ್ಲಿ.

ಈ ಎರಡು ಭಾಷೆಗಳು ಕೆನಡಾಕ್ಕೆ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಅಲ್ಲಿ ಬೇರೆ ಭಾಷೆಗಳಿದ್ದವು. 1972ರ ನವೆಂಬರಿನಲ್ಲಿ ಕೆನಡಾ ಅನಿಕ್ ಎಂಬ ಉಪಗ್ರಹವನ್ನು ಹಾರಿಸಿತು. ಉತ್ತರದ ಹಿಮಪ್ರದೇಶಕ್ಕೂ ಟಿವಿ ತಲುಪಿತು. 500ಕ್ಕಿಂತ ಹೆಚ್ಚು ಜನ ಇರುವ ಊರುಗಳಿಗೆಲ್ಲ ಪ್ರಸಾರ ಮುಟ್ಟಿಸುವ ಯೋಜನೆಯನ್ನೂ ಹಾಕಿಕೊಂಡರು. ಆದರೆ ತೆರೆಯ ಮೇಲೆ ಬಂದದ್ದು ದಕ್ಷಿಣದ ಜನ, ದಕ್ಷಿಣದ ಭಾಷೆ. ಆಗ ಉತ್ತರದ ಮೂಲನಿವಾಸಿಗಳಾದ ಇನ್ಯುಯಿಟ್ ಜನರ ಇಗ್ಲೂಲಿಕ್ ಎಂಬ ಊರು ಅಪರೂಪದ ಕೆಲಸ ಮಾಡಿತು. ಊರವರು ಮತ ಹಾಕಿ ಟಿವಿ ಬೇಡ ಎಂದರು. ಆ ಪೆಟ್ಟಿಗೆಯಲ್ಲಿ ನಮ್ಮ ಇನುಕ್ಟಿಟುಟ್ ಭಾಷೆ ಇಲ್ಲ, ನಮ್ಮ ಮಕ್ಕಳು ಅದರ ಮುಂದೆ ಕುಳಿತು ನಮ್ಮ ಮಾತನ್ನೇ ಮರೆಯುತ್ತಾರೆ ಎಂಬುದು ಅವರ ಕಳವಳ. ಕೆಲವು ವರ್ಷಗಳ ಮೇಲೆ ಮತ್ತೆ ಕೇಳಿದಾಗಲೂ ಬೇಡವೆಂದೇ ಹೇಳಿದರು. 1980ರ ದಶಕದ ಮೊದಲಲ್ಲಿ ಇನ್ಯುಯಿಟ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಹುಟ್ಟಿ, ತಮ್ಮ ಭಾಷೆಯಲ್ಲಿ ತಮ್ಮವರೇ ತಯಾರಿಸಿದ ಕಾರ್ಯಕ್ರಮಗಳು ಬರುವಂತಾದ ಮೇಲೆ ಒಪ್ಪಿಕೊಂಡರು. ಅದೇ ಊರಿನ ಜಕರಾಯಸ್ ಕುನುಕ್ ಆ ಸಂಸ್ಥೆಯಲ್ಲಿ ಕೆಲಸ ಮಾಡಿ, ಮುಂದೆ ಪೂರ್ತಿ ಇನುಕ್ಟಿಟುಟ್ ಭಾಷೆಯಲ್ಲಿ ‘ಅಟನಾರ್ಜುವಟ್’ ಎಂಬ ಸಿನಿಮಾ ನಿರ್ದೇಶಿಸಿದರು. 2001ರಲ್ಲಿ ಅದಕ್ಕೆ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರದ ಪ್ರಶಸ್ತಿ ಬಂತು. ಬೇಡ ಎಂದು ಗಟ್ಟಿಯಾಗಿ ಹೇಳಿದ ಊರು ಜಗತ್ತಿಗೇ ಕಥೆ ಹೇಳಿತು.

1992ರಲ್ಲಿ ಉತ್ತರದ ಸಮುದಾಯಗಳು ಕೂಡಿ ತಮ್ಮದೇ ಜಾಲ ಕಟ್ಟಿದವು. ಅದು ಬೆಳೆದು 1999ರ ಸೆಪ್ಟೆಂಬರ್ 1ರಂದು ಎಪಿಟಿಎನ್ ಆಯಿತು. ಮೂಲನಿವಾಸಿಗಳೇ ನಡೆಸುವ, ದೇಶದುದ್ದಕ್ಕೂ ಕಾಣುವ ವಾಹಿನಿ. ಇಂಗ್ಲಿಷು, ಫ್ರೆಂಚಿನ ಜೊತೆಗೆ ಹಲವು ಮೂಲನಿವಾಸಿ ಭಾಷೆಗಳು ಅಲ್ಲಿ ಕೇಳಿಸುತ್ತವೆ. ಇದು ನಿಂತದ್ದು ಹೇಗೆ? ಸಿಆರ್‌ಟಿಸಿ ಒಂದು ಆದೇಶ ಹೊರಡಿಸಿತು. ಪ್ರತಿ ಕೇಬಲ್ ಕಂಪನಿಯೂ ತನ್ನ ಮೂಲ ಪ್ಯಾಕೇಜಿನಲ್ಲೇ ಈ ವಾಹಿನಿಯನ್ನು ಕೊಡಬೇಕು. ಪ್ರತಿ ಚಂದಾದಾರನಿಂದ ತಿಂಗಳಿಗೆ 15 ಸೆಂಟ್ ಅದಕ್ಕೆ ಸಲ್ಲಬೇಕು. ನೋಡುವವರೂ ಕೊಟ್ಟರು, ನೋಡದವರೂ ಕೊಟ್ಟರು. ಹಿಂದೆ ನಮ್ಮ ಹಳ್ಳಿಗಳಲ್ಲಿ ಕೆರೆಯ ಹೂಳೆತ್ತಲು ಮನೆಗೊಬ್ಬ ಆಳು ಬರುತ್ತಿದ್ದ ಹಾಗೆ ಇದು. ಕೆರೆಯ ಕೆಳಗೆ ತನ್ನ ಗದ್ದೆ ಇಲ್ಲದವನೂ ಬರುತ್ತಿದ್ದ, ಏಕೆಂದರೆ ಕೆರೆ ಊರಿನದು. ಒಂದು ಮನೆಗೆ 15 ಸೆಂಟ್ ಲೆಕ್ಕಕ್ಕೇ ಇಲ್ಲ. ಲಕ್ಷಾಂತರ ಮನೆಗಳ 15 ಸೆಂಟ್ ಸೇರಿದಾಗ ಒಂದು ವಾಹಿನಿ, ಅದರಲ್ಲಿ ಹಲವರ ಉದ್ಯೋಗ, ಮೊಮ್ಮಕ್ಕಳಿಗೆ ಅಜ್ಜಿಯ ಮಾತಿನಲ್ಲಿ ಕಾರ್ಟೂನ್ ಎಲ್ಲವೂ ಸಾಧ್ಯವಾಯಿತು. 2021ರ ಜನವರಿಯಿಂದ ಉವಗುಟ್ ಎಂಬ, ಪೂರ್ತಿ ಇನುಕ್ಟಿಟುಟ್ ಭಾಷೆಗೇ ಮೀಸಲಾದ ವಾಹಿನಿಯೂ ಇದೆ.

ಇನ್ನು ವಲಸೆ ಬಂದವರು. 1979ರಲ್ಲಿ ಟೊರಾಂಟೊದಲ್ಲಿ ಹಲವು ಭಾಷೆಗಳಿಗೆಂದೇ ಒಂದು ಕೇಂದ್ರ ತೆರೆಯಿತು. ಅದೇ ಇಂದಿನ ಓಮ್ನಿ. ಇಟಾಲಿಯನ್, ಪಂಜಾಬಿ, ಮ್ಯಾಂಡರಿನ್, ಕ್ಯಾಂಟನೀಸ್ ಭಾಷೆಗಳಲ್ಲಿ ಕೆನಡಾದ್ದೇ ಸುದ್ದಿ ಅದರಲ್ಲಿ ಬರುತ್ತದೆ. ಹಾಕಿ ಅಲ್ಲಿನವರ ಜೀವ. 2008ರಿಂದ ಐಸ್ ಹಾಕಿಯ ವೀಕ್ಷಕ ವಿವರಣೆ ಪಂಜಾಬಿಯಲ್ಲೂ ಕೇಳಿಬರುತ್ತಿದೆ. ಕ್ರೀಡೆಯ ಉಸಿರುಗಟ್ಟಿಸುವ ಗಳಿಗೆಯಲ್ಲಿ ಅಜ್ಜ, ಅಪ್ಪ, ಮೊಮ್ಮಗ ಒಂದೇ ಸೋಫಾದಲ್ಲಿ ಕೂತು ಒಂದೇ ಭಾಷೆಯಲ್ಲಿ ಕೂಗಬಹುದು. ಅಜ್ಜನಿಗೆ ಹೊಸ ದೇಶ ತನ್ನದೆನಿಸಲು ಅದಕ್ಕಿಂತ ಹತ್ತಿರದ ದಾರಿ ಇನ್ನೊಂದಿದೆಯೇ?

ಕನ್ನಡಕ್ಕೂ ಆ ದೇಶದಲ್ಲಿ ಒಂದು ಗಳಿಗೆ ಬಂತು. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಹುಟ್ಟಿದ ಚಂದ್ರ ಆರ್ಯ ಅವರು ಸಂಸದರಾಗಿದ್ದಾಗ 2022ರ ಮೇ 19ರಂದು ಒಟ್ಟಾವದ ಸದನದಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಕುವೆಂಪು ಬರೆದು ಡಾ. ರಾಜ್‌ಕುಮಾರ್ ಹಾಡಿದ ಸಾಲುಗಳಿಂದ ಮಾತು ಮುಗಿಸಿದರು. ಸದನದ ಕ್ಯಾಮೆರಾ ಅದನ್ನು ಹಿಡಿದದ್ದರಿಂದ ಆ ಮಾತು ನಮ್ಮ ಊರುಗಳ ಮೊಬೈಲುಗಳಿಗೂ ಬಂದು ತಲುಪಿತು. ಎರಡೇ ಆಡಳಿತ ಭಾಷೆಗಳ ಸದನ ಮೂರನೆಯ ಭಾಷೆಗೆ ಒಂದು ನಿಮಿಷ ಕಿವಿಗೊಟ್ಟಿತು. ಅದನ್ನು ನೋಡಿ ಹಿಗ್ಗದ ಕನ್ನಡಿಗರು ಕಡಿಮೆ.

ಈಗ ಈ ಏರ್ಪಾಡಿಗೆ ಕಷ್ಟ ಬಂದಿದೆ. 2016ರಲ್ಲಿ ಕೇಬಲ್ ಕಂಪನಿಗಳು 25 ಡಾಲರಿಗೆ ಮಿಕ್ಕದ ಸಣ್ಣ ಪ್ಯಾಕೇಜು ಕೊಡಬೇಕು, ಅದರ ಮೇಲೆ ಬೇಕಾದ ವಾಹಿನಿಯನ್ನು ಬಿಡಿಬಿಡಿಯಾಗಿ ಕೊಳ್ಳಲು ಬಿಡಬೇಕು ಎಂದು ನಿಯಮವಾಯಿತು. ಗ್ರಾಹಕನ ಜೇಬಿಗೆ ಅದು ಒಳ್ಳೆಯದೇ. ಆದರೆ ಎಲ್ಲರ ಪ್ಯಾಕೇಜಿನಲ್ಲಿ ಸೇರಿ ಬದುಕುತ್ತಿದ್ದ ಸಣ್ಣ ವಾಹಿನಿಗಳು ಸೊರಗಿದವು. ಒಂದು ಕಾಲದಲ್ಲಿ ಕ್ವಿಬೆಕ್‌ನ ಯುವಕರ ಕಣ್ಮಣಿಯಾಗಿದ್ದ ಮ್ಯೂಸಿಕ್‌ಪ್ಲುಸ್ 2019ರಲ್ಲಿ ಮುಚ್ಚಿತು. ಅದರ ಮೇಲೆ ನೆಟ್‌ಫ್ಲಿಕ್ಸ್, ಯೂಟ್ಯೂಬ್. ಮನೆಗಳು ಕೇಬಲ್ ತೆಗೆಸಿದಂತೆಲ್ಲ ಸೆಂಟುಗಳ ಆ ಸಾಮೂಹಿಕ ಬೊಕ್ಕಸ ಬರಿದಾಗುತ್ತದೆ. ಅದಕ್ಕೆ ಉತ್ತರವಾಗಿ 2023ರಲ್ಲಿ ಹೊಸ ಕಾಯ್ದೆ ಬಂತು. ಅಂತರ್ಜಾಲದಲ್ಲಿ ಪ್ರಸಾರ ಮಾಡುವ ದೊಡ್ಡ ಕಂಪನಿಗಳು ಕೆನಡಾದಲ್ಲಿ ಗಳಿಸುವ ವರಮಾನದ ನೂರಕ್ಕೆ ಐದನ್ನು ದೇಶೀ ಕಾರ್ಯಕ್ರಮಗಳಿಗೆ ಕೊಡಬೇಕೆಂದು 2024ರ ಜೂನಿನಲ್ಲಿ ಸಿಆರ್‌ಟಿಸಿ ತೀರ್ಮಾನಿಸಿತು. ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. ಜಗಳ ಹಣದ್ದಾಗಿ ಕಾಣುತ್ತದೆ. ಅದರ ಒಡಲಲ್ಲಿರುವುದು ಭಾಷೆಯ ಪ್ರಶ್ನೆ.

ಕೇಳುಗರೇ, ಈ ಕಥೆಯಿಂದ ನನಗೆ ತಿಳಿದದ್ದು ಇಷ್ಟು. ಒಂದು ಭಾಷೆ ತೆರೆಯ ಮೇಲೆ ಬಾಳಬೇಕಾದರೆ ಇನ್ನೊಂದರ ಅನುವಾದವಾಗಿ ಕಾಣಿಸಿಕೊಂಡರೆ ಸಾಲದು. ಅದಕ್ಕೆ ತನ್ನದೇ ಸ್ಟುಡಿಯೊ, ತನ್ನದೇ ಬರಹಗಾರರು, ತನ್ನದೇ ನಟರು ಬೇಕು, ತೀರ್ಮಾನ ಮಾಡುವ ಕುರ್ಚಿಯಲ್ಲಿ ಆ ಭಾಷೆಯವರೇ ಕೂತಿರಬೇಕು. ಅದರ ಖರ್ಚನ್ನು ಆ ಭಾಷೆ ಆಡುವವರ ಮೇಲಷ್ಟೇ ಹೊರಿಸಿದರೆ ಸಣ್ಣ ಭಾಷೆ ಸೋಲುವುದು ಖಂಡಿತ. ಎಲ್ಲರೂ ಸ್ವಲ್ಪ ಸ್ವಲ್ಪ ಹೊತ್ತರೆ ಯಾರಿಗೂ ಭಾರವಾಗದು.

ನಮ್ಮ ನಾಡಿನಲ್ಲೂ ಕನ್ನಡದ ಜೊತೆಯಲ್ಲಿ ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆಗಳಿವೆ. ಮಂಗಳೂರು, ಮಡಿಕೇರಿ ಆಕಾಶವಾಣಿ ಕೇಂದ್ರಗಳು ಅವುಗಳಿಗೆ ವರ್ಷಾನುಗಟ್ಟಲೆಯಿಂದ ದನಿ ಕೊಡುತ್ತ ಬಂದಿವೆ. ಆದರೆ ತೆರೆಯ ಮೇಲೆ, ಇಡೀ ನಾಡಿಗೆ ಕಾಣುವಂತೆ, ದಿನವಿಡೀ ಆ ಭಾಷೆಗಳು ಕೇಳಿಬರುವುದನ್ನು ನಾವು ಬಯಸಿದ್ದೇವೆಯೇ? ದೊಡ್ಡ ಭಾಷೆಗಳ ಎದುರು ಕನ್ನಡಕ್ಕೆ ನ್ಯಾಯ ಕೇಳುವಾಗ ನಾವು ಯಾವ ವಾದ ಹೂಡುತ್ತೇವೋ, ಅದೇ ವಾದ ನಮಗಿಂತ ಸಣ್ಣ ಭಾಷೆಗಳದ್ದೂ ಆಗಿದೆ. ತಿಂಗಳ ಕೇಬಲ್ ಬಿಲ್ಲಿನಲ್ಲಿ ಐವತ್ತು ಪೈಸೆ ಕೊಡಗಿನ ಒಂದು ಮಗುವಿಗೆ ಅದರ ಮನೆಮಾತಿನ ಕಾರ್ಟೂನ್ ತರುವುದಾದರೆ, ಅದನ್ನು ಸಂತೋಷದಿಂದ ಕೊಡುವವರಲ್ಲಿ ಮೊದಲಿಗರು ಕನ್ನಡಿಗರಾಗಬೇಕು. ಕೊಡಲು ಸಿದ್ಧರಿದ್ದೇವೆ ಎಂದು ಕೇಳಿ ಪಡೆಯುವ ದಿನ ಬೇಗ ಬರಲಿ.